ಧ್ವನಿಯಂತ್ರದ ದ್ವಾರಪಾಲಕ

ಕಳೆದ ಸಂಚಿಕೆಯಲ್ಲಿ ಹೊಲಿಗೆಯಂತ್ರದ ದಾರವು ಪದೇ ಪದೇ ತುಂಡಾಗುವುದಕ್ಕೆ ಕಾರಣಗಳನ್ನು ವಿಚಾರ ಮಾಡಿದ್ದೆವು. ಈ ಸಲದ ವಿಷಯವು ಅದಕ್ಕಿಂತ ಸ್ವಲ್ಪ ಕಠಿನವಾದುದು. ಆದರೂ ನಿಧಾನವಾಗಿ ಓದುವವರಿಗೆ ಇದರಲ್ಲಿ ತಿಳಿಯದಂತಹುದು ಯಾವುದೂ ಇಲ್ಲವೆಂದು ನಂಬಿದ್ದೇನೆ. ಹಳೆಯ ಸ್ಟೀರಿಯೋ ಆಂಪ್ಲಿಫಯರುಗಳು ಇನ್ನೂ ಅನೇಕರ ಮನೆಗಳಲ್ಲಿ ಉಳಿದಿರುವುವು. ಅವುಗಳಲ್ಲಿ ಬಹುಪಾಲು ‘ದೀಪ ಹತ್ತುತ್ತದೆ, ಶಬ್ದ ಮಾತ್ರ ಬಾರದು’ ಎಂಬ ಒಂದೇ ರೋಗದಿಂದ ಮೂಲೆ ಸೇರಿರುವುವು. ಈ ರೋಗದ ನಿದಾನವನ್ನು ನಮ್ಮ ಮನೆಯಲ್ಲಿ ನಡೆದ ಪ್ರಸಂಗದ ಮೂಲಕವೇ ನಿವೇದಿಸುತ್ತೇನೆ.

ನನ್ನ ಅಣ್ಣನು ೧೯೭೬ನೆಯ ಇಸವಿಯಲ್ಲಿ ಉದ್ಯೋಗಾರ್ಥವಾಗಿ ಕುವೈತಿಗೆ ಹೋದನು. ೧೯೭೯ರಲ್ಲಿ ರಜೆಯ ಮೇಲೆ ಊರಿಗೆ ಬಂದಾಗ ಜಪಾನ್ ದೇಶದಲ್ಲಿ ತಯಾರಾದ ಒಂದು ಆಂಪ್ಲಿಫಯರನ್ನೂ ಅದರ ಜೋಡಿ ಸ್ಪೀಕರುಗಳನ್ನೂ ತಂದು ನಮ್ಮ ತಂದೆಯವರ ಮುಂದಿಟ್ಟನು. ನನಗೆ ಆಗ ಹದಿನಾಲ್ಕು ವರ್ಷ. ಮುಂದೆ ೧೯೯೦ನೆಯ ಆಗಸ್ಟ್ ೨ರಂದು ಇರಾಕಿನ ಸೈನ್ಯವು ಕುವೈತನ್ನು ಹೊಕ್ಕಿತು. ಆ ವರ್ಷ ಜೋರ್ಡಾನ್ ದೇಶದ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ೧,೭೦,೦೦೦ಕ್ಕೂ ಮಿಕ್ಕಿ ಭಾರತೀಯರನ್ನು ಸ್ವದೇಶಕ್ಕೆ ಕರೆತಂದುವು. ಆ ಜನಸ್ತೋಮದಲ್ಲಿ ಕೈಯಲ್ಲೊಂದು ಚೀಲವನ್ನು ಮಾತ್ರ ಹಿಡಿದು ನಮ್ಮಣ್ಣನೂ ಬಂದಿಳಿದನು. ಹದಿನಾಲ್ಕು ವರ್ಷಗಳ ಸಂಪಾದನೆಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದುದು ಮೊದಲೇ ಮನೆಗೆ ತಂದಿದ್ದ ಈ ಯಂತ್ರವೊಂದೇ. ಅವನಿಗೆ ಈಗ ಎಪ್ಪತ್ತು ಕಳೆದಿದೆ. ಮಗನೊಡನೆ ಬೇರೆ ಊರಿನಲ್ಲಿರುತ್ತಾನೆ. ವರ್ಷಕ್ಕೊಮ್ಮೆ ತಂದೆಯವರ ಶ್ರಾದ್ಧಕ್ಕೆ ನಮ್ಮಲ್ಲಿಗೆ ಬಂದು, ಸಾಯಂಕಾಲ ಅದರ ಮುಂದೆ ಕುಳಿತು, ತಂದೆಯವರು ಗಮಕರೀತಿಯಲ್ಲಿ ಭಾರತವಾಚನ ಮಾಡಿದ್ದನ್ನು ತಾನೇ ೧೯೮೧ರಲ್ಲಿ ಮುದ್ರಿಸಿಕೊಂಡಿದ್ದ ಕ್ಯಾಸೆಟನ್ನು ಕೇಳಿ, ಏನೂ ಮಾತನಾಡದೆ ಮಲಗುವನು. ಇಷ್ಟು ಪೀಠಿಕೆ ಏತಕ್ಕೆಂದರೆ, ‘ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬಾರದಿತ್ತೇ?’ ಎಂದು ಕೇಳತಕ್ಕವರಿಗೆ ಉತ್ತರವು ಮೊದಲೇ ದೊರಕಲಿ ಎಂಬುದಕ್ಕಾಗಿ.

ರೋಗಲಕ್ಷಣ ಹೀಗಿತ್ತು. ಆರೋಗ್ಯದಿಂದಿದ್ದಾಗ ಗುಂಡಿಯನ್ನೊತ್ತಿದರೆ ದೀಪ ಹತ್ತಿ, ಐದು ಸೆಕೆಂಡುಗಳಾದ ಮೇಲೆ ಒಳಗಿನಿಂದ ‘ಟಿಕ್’ ಎಂಬ ಒಂದು ಸಣ್ಣ ಶಬ್ದವಾಗಿ, ಆ ಬಳಿಕ ಸ್ಪೀಕರುಗಳು ಮಾತನಾಡುತ್ತಿದ್ದುವು. ಎರಡು ವರ್ಷಗಳಿಂದ ಆ ಐದು ಸೆಕೆಂಡು ಹತ್ತಾಯಿತು, ಹತ್ತು ಅರ್ಧ ನಿಮಿಷವಾಯಿತು. ಕಳೆದ ಚಳಿಗಾಲದಲ್ಲಿ ಟಿಕ್ಕೆಂಬುದೇ ನಿಂತುಹೋಯಿತು. ದೀಪವು ಮಾತ್ರ ಎಂದಿನಂತೆ ಬೆಳಗುತ್ತಿತ್ತು. ಶ್ರಾದ್ಧಕ್ಕೆ ಆಗ ಒಂದೂವರೆ ತಿಂಗಳು ಉಳಿದಿತ್ತು.

ಈ ಟಿಕ್ಕೆಂಬುದು ಏನೆಂಬುದನ್ನು ಮೊದಲು ತಿಳಿಯತಕ್ಕದ್ದು. ಪೂರ್ವದ ವಾಲ್ವ್ ಯಂತ್ರಗಳಲ್ಲಿ ಸ್ಪೀಕರಿಗೂ ಯಂತ್ರಕ್ಕೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಮೊದಮೊದಲಿನ ಅನೇಕ ಟ್ರಾನ್ಸಿಸ್ಟರ್ ಯಂತ್ರಗಳಲ್ಲಿ ಅದೇ ಸ್ಥಾನದಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರುತ್ತಿತ್ತು. ಇವೆರಡೂ ಸಂಗೀತರೂಪವಾದ ಪರ್ಯಾಯ ವಿದ್ಯುತ್ತನ್ನು ದಾಟಿಸಿ, ಏಕಮುಖ ವಿದ್ಯುತ್ತನ್ನು ತಡೆಯತಕ್ಕವು. ೧೯೭೦ರ ದಶಕದ ಒಳ್ಳೆಯ ಯಂತ್ರಗಳಲ್ಲಿ ನಾದಶುದ್ಧಿಗಾಗಿ ಈ ಅಡ್ಡಗೋಡೆಯನ್ನು ತೆಗೆದುಹಾಕಿ, ಟ್ರಾನ್ಸಿಸ್ಟರುಗಳಿಂದ ಸ್ಪೀಕರಿಗೆ ನೇರವಾಗಿ ತಂತಿಯನ್ನು ಎಳೆದರು. ನಾದವೇನೋ ಚೆನ್ನಾಯಿತು. ಆದರೆ ಅದರೊಡನೆ ಒಂದು ಅಪಾಯವೂ ಬಂದಿತು.

ಅದೆಂತೆಂದರೆ, ನಮ್ಮ ಯಂತ್ರದ ಒಳಗೆ ಧನ ೪೨ ವೋಲ್ಟ್ ಮತ್ತು ಋಣ ೪೨ ವೋಲ್ಟ್ ಎಂಬ ಎರಡು ವಿದ್ಯುದಾಧಾರಗಳಿವೆ. ಎಲ್ಲವೂ ಸರಿಯಾಗಿರುವಾಗ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿ ನಿಂತು, ನಡುವಿನ ಮುಳ್ಳು, ಎಂದರೆ ಸ್ಪೀಕರಿಗೆ ಹೋಗುವ ತಂತಿ, ಸೊನ್ನೆಯಲ್ಲಿರುವುದು. ಒಳಗಿನ ಒಂದು ಟ್ರಾನ್ಸಿಸ್ಟರ್ ಕೆಟ್ಟರೆ ತಕ್ಕಡಿ ಒಂದು ಕಡೆಗೆ ಬಿದ್ದುಹೋಗುವುದು. ಆಗ ಪೂರ್ತಿ ೪೨ ವೋಲ್ಟ್ ಸ್ಪೀಕರಿನ ಧ್ವನಿಸುರುಳಿಯ ಮೇಲೆ ಬೀಳುವುದು. ಎಂಟು ಓಮ್ ಎಂದು ಬರೆದಿರುವ ಸ್ಪೀಕರಿನ ಸುರುಳಿಯು ಏಕಮುಖ ವಿದ್ಯುತ್ತಿಗೆ ಒಡ್ಡುವ ರೋಧವು ಸುಮಾರು ಆರು ಓಮ್ ಮಾತ್ರ. ಲೆಕ್ಕ ಹಾಕಿದರೆ ೪೨ರ ವರ್ಗವನ್ನು ೬ರಿಂದ ಭಾಗಿಸಲು ೨೯೪ ವಾಟ್ ಬರುವುದು. ಬೆಸುಗೆ ಹಾಕುವ ಕಬ್ಬಿಣವೊಂದು ೨೫ ವಾಟಿನದು. ಅಂತಹ ಸುಮಾರು ಹನ್ನೆರಡು ಕಬ್ಬಿಣಗಳ ಉರಿಯನ್ನು ಕೂದಲಿನಂತಹ ತಂತಿಯ ಸುರುಳಿಯಲ್ಲಿಟ್ಟರೆ ಅದು ಎಷ್ಟು ಕ್ಷಣ ಉಳಿದೀತೆಂಬುದನ್ನು ವಾಚಕರೇ ಊಹಿಸಬಹುದು. ಯಂತ್ರದ ಫ್ಯೂಸು ಕರಗುವಷ್ಟರಲ್ಲಿ ಸುರುಳಿಯು ಸುಟ್ಟಿರುವುದುಂಟು.

ಆದುದರಿಂದ ತಯಾರಕರು ಬಾಗಿಲಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು. ಅವನೇ ರಿಲೇ. ವಿದ್ಯುತ್ಕಾಂತದಿಂದ ಎಳೆಯಲ್ಪಡುವ ಒಂದು ಜೊತೆ ಸಣ್ಣ ಬಾಗಿಲುಗಳೆಂದು ಅದನ್ನು ತಿಳಿಯಬಹುದು. ಇವನಿಗೆ ಮೂರು ಕರ್ತವ್ಯಗಳು. ಮೊದಲನೆಯದು, ಯಂತ್ರವನ್ನು ಹೊತ್ತಿಸಿದ ಕೂಡಲೆ ಬಾಗಿಲು ತೆರೆಯದೆ, ಒಳಗಿನ ಗಲಿಬಿಲಿ ಶಾಂತವಾಗುವವರೆಗೆ ನಾಲ್ಕಾರು ಸೆಕೆಂಡು ಕಾಯುವುದು. ಎರಡನೆಯದು, ಸ್ಪೀಕರಿನ ತಂತಿಯಲ್ಲಿ ಏಕಮುಖ ವಿದ್ಯುತ್ತು ಕಾಣಿಸಿದರೆ ತಕ್ಷಣ ಬಾಗಿಲು ಮುಚ್ಚುವುದು. ಮೂರನೆಯದು, ಯಂತ್ರವನ್ನು ಆರಿಸಿದಾಗ ‘ಧೊಪ್’ ಎಂಬ ಶಬ್ದವು ಹೊರಗೆ ಬಾರದಂತೆ ಮೊದಲೇ ಮುಚ್ಚುವುದು. ಕೆಲವು ಯಂತ್ರಗಳಲ್ಲಿ ಹೊರತಂತಿಗಳು ಒಂದಕ್ಕೊಂದು ತಗುಲಿ ಅತಿಯಾದ ವಿದ್ಯುತ್ ಹರಿದರೆ ಮುಚ್ಚುವುದೆಂಬ ನಾಲ್ಕನೆಯ ಕರ್ತವ್ಯವೂ ಇರುವುದು. ನಮ್ಮ ಯಂತ್ರದಲ್ಲಿ ಈ ಕಾವಲುಗಾರನ ಬುದ್ಧಿಯು ಐದಾರು ಬಿಡಿ ಟ್ರಾನ್ಸಿಸ್ಟರುಗಳಲ್ಲಿದೆ. ಬೇರೆ ಅನೇಕ ಯಂತ್ರಗಳಲ್ಲಿ ಯುಪಿಸಿ ೧೨೩೭ ಎಂಬ ಎಂಟು ಕಾಲಿನ ಒಂದೇ ಚಿಪ್ಪಿನಲ್ಲಿ ಇದೆಲ್ಲವೂ ಅಡಗಿರುವುದು. ಕೆಲಸ ಮಾತ್ರ ಒಂದೇ.

ಇಲ್ಲಿಯೇ ಈ ಲೇಖನದ ಸಾರವಿದೆ. ವೈಕುಂಠದ ಏಳನೆಯ ಬಾಗಿಲಿನಲ್ಲಿ ಜಯವಿಜಯರು ಸನಕಾದಿ ಮುನಿಗಳನ್ನು ತಡೆದ ಕಥೆಯು ಭಾಗವತದ ತೃತೀಯ ಸ್ಕಂಧದಲ್ಲಿದೆ. ಅಲ್ಲಿ ಬಂದವರು ಸಾಧುಗಳು, ಕಾವಲುಗಾರರು ತಪ್ಪಿದರು. ಆದರೆ ಎಲ್ಲ ಕಾವಲುಗಾರರೂ ಹೀಗೆಯೇ ತಪ್ಪುವರೆಂದು ಹೇಳಲಾಗದು. ಬಾಗಿಲು ತೆರೆಯದಿದ್ದರೆ ಎರಡು ಪಕ್ಷಗಳುಂಟು: ಒಳಗೆ ನಿಜವಾದ ಶತ್ರುವಿರುವನು, ಅಥವಾ ಕಾವಲುಗಾರನಿಗೇ ಭ್ರಮೆ ಹಿಡಿದಿದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುವುದು. ಯಾವುದೆಂಬುದನ್ನು ನಿರ್ಣಯಿಸದೆ ಕೈಹಾಕುವುದು ಮಹಾಪ್ರಮಾದ.

ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿಯನ್ನು ಬಲ್ಲ ಮಿತ್ರರೊಬ್ಬರಿದ್ದಾರೆ. ಅವರು ಬಂದು ನೋಡಿ, ‘ಇದಕ್ಕೇಕಿಷ್ಟು ಯೋಚನೆ? ರಿಲೇಯ ಎರಡು ಕಾಲುಗಳಿಗೆ ಅಡ್ಡಲಾಗಿ ಒಂದು ತಂತಿಯನ್ನು ಬೆಸೆದರಾಯಿತು, ಶಬ್ದ ಬರುವುದು’ ಎಂದರು. ಅವರ ಮಾತು ಸುಳ್ಳಲ್ಲ, ಶಬ್ದವೇನೋ ಬರುವುದು. ಆದರೆ ಸುಮಾರು ಮೂವತ್ತು ವರ್ಷಗಳ ಹಿಂದೆ ನಾನೇ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ, ಅವರ ಮಗಳ ಮದುವೆಯ ಹಿಂದಿನ ದಿನ, ಹೀಗೆಯೇ ತಂತಿಯನ್ನು ಬೆಸೆದೆನು. ಶಬ್ದ ಬಂದಿತು. ಎಲ್ಲರೂ ಹೊಗಳಿದರು. ಮರುದಿನ ನಾದಸ್ವರದ ಧ್ವನಿಮುದ್ರಿಕೆ ನಡೆಯುತ್ತಿರುವಾಗಲೇ ಒಂದು ಸ್ಪೀಕರಿನಿಂದ ಗುರುಗುಟ್ಟುವ ಸದ್ದು ಹೊರಟು, ಬಳಿಕ ಹೊಗೆ ಬಂದು, ಅದು ಶಾಶ್ವತವಾಗಿ ಮೌನವಾಯಿತು. ಸ್ನೇಹಿತರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಇಷ್ಟು ಕಾಲ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೋ ಏನೋ. ಆ ಕಾವಲುಗಾರನು ಸತ್ಯವನ್ನೇ ಹೇಳುತ್ತಿದ್ದನು. ನಾನು ಅವನ ಬಾಯಿಗೆ ಬಟ್ಟೆ ತುರುಕಿದ್ದೆನು. ಆದುದರಿಂದ ಈ ಸಲ ಮಿತ್ರರ ಸಲಹೆಗೆ ಕೈಮುಗಿದು, ಕ್ರಮವಾಗಿ ಪರೀಕ್ಷೆ ಮಾಡಲು ಕುಳಿತೆನು.

ಪರೀಕ್ಷೆಗೆ ಮೊದಲು ಜಾಗರೂಕತೆಯ ನಾಲ್ಕು ಮಾತು. ಮುಚ್ಚಳ ತೆಗೆಯುವ ಮುನ್ನ ಗೋಡೆಯ ಪ್ಲಗ್ಗನ್ನೇ ಕಿತ್ತಿಡತಕ್ಕದ್ದು. ಗುಂಡಿಯನ್ನು ಆರಿಸಿದರೆ ಸಾಲದು. ಒಳಗಿನ ದೊಡ್ಡ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವುವು. ಅವುಗಳನ್ನು ಸ್ಕ್ರೂಡ್ರೈವರಿನಿಂದ ತಟ್ಟನೆ ಜೋಡಿಸಿ ಕಿಡಿ ಹಾರಿಸದೆ, ಒಂದು ರೋಧಕದ ಮೂಲಕ ನಿಧಾನವಾಗಿ ಬರಿದುಮಾಡಬೇಕು. ವಿದ್ಯುತ್ತಿರುವಾಗ ಅಳೆಯಬೇಕಾದರೆ ಮಾಪಕದ ತಂತಿಗಳನ್ನು ಮೊದಲೇ ಕ್ಲಿಪ್ಪಿನಿಂದ ಸಿಕ್ಕಿಸಿ, ಆ ಬಳಿಕ ವಿದ್ಯುತ್ತನ್ನು ಹಾಕುವುದು ಉತ್ತಮ. ಮೊನೆ ಜಾರಿ ಎರಡು ಕಾಲುಗಳನ್ನು ಮುಟ್ಟಿದರೆ ಚೆನ್ನಾಗಿದ್ದ ಟ್ರಾನ್ಸಿಸ್ಟರೂ ಸಾಯುವುದು. ವಿದ್ಯುತ್ ಕೆಲಸದಲ್ಲಿ ಅಭ್ಯಾಸವಿಲ್ಲದವರು ಮುಂದೆ ಹೇಳುವುದನ್ನು ಓದಿ ತಿಳಿದು, ಬಲ್ಲವರಿಂದ ಮಾಡಿಸತಕ್ಕದ್ದು. ತಿಳಿದು ಮಾಡಿಸುವವನಿಗೆ ಮೋಸವಾಗುವುದು ವಿರಳ.

ಮೊದಲನೆಯ ಪರೀಕ್ಷೆ: ಸ್ಪೀಕರಿನ ತಂತಿಗಳನ್ನೆಲ್ಲ ಕಳಚಿ ಯಂತ್ರವನ್ನು ಹೊತ್ತಿಸುವುದು. ಆಗ ಟಿಕ್ಕೆಂದರೆ ದೋಷವು ಹೊರಗಿನ ತಂತಿಯಲ್ಲಿಯೋ ಸ್ಪೀಕರಿನಲ್ಲಿಯೋ ಇದೆಯೆಂದು ತಿಳಿಯಬಹುದು. ನಮ್ಮದು ಟಿಕ್ಕೆನ್ನಲಿಲ್ಲ.

ಎರಡನೆಯದು: ಯಂತ್ರಕ್ಕೆ ಹೋಗುವ ವಿದ್ಯುತ್ತಿನ ದಾರಿಯಲ್ಲಿ ೧೦೦ ವಾಟಿನ ಹಳೆಯ ತಂತಿಬಲ್ಬೊಂದನ್ನು ಸರಣಿಯಾಗಿ ಸೇರಿಸುವುದು. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಒಳಗೆ ದೊಡ್ಡ ಅನಾಹುತವಿಲ್ಲ. ಉರಿಯುತ್ತಲೇ ಇದ್ದರೆ ಎಲ್ಲಿಯೋ ನೇರವಾದ ಸೋರಿಕೆಯಿದೆ. ನಮ್ಮದು ಮಂದವಾಯಿತು. ಇಲ್ಲಿ ಒಂದು ಎಚ್ಚರಿಕೆ: ಬಲ್ಬು ಇರುವಾಗ ಯಂತ್ರಕ್ಕೆ ಪೂರ್ತಿ ವೋಲ್ಟೇಜು ಸಿಗದಿರುವುದರಿಂದ, ಆರೋಗ್ಯವಾದ ರಿಲೇಯೂ ಟಿಕ್ಕೆನ್ನದಿರಬಹುದು. ಅದನ್ನೇ ರೋಗವೆಂದು ಭ್ರಮಿಸಬಾರದು. ಬಲ್ಬಿನ ಪರೀಕ್ಷೆ ಮುಗಿದಮೇಲೆ ಅದನ್ನು ತೆಗೆದು ಮುಂದುವರಿಯಬೇಕು.

ಮೂರನೆಯದೇ ನಿರ್ಣಾಯಕವಾದುದು. ಸ್ಪೀಕರುಗಳಿಲ್ಲದೆ, ಶಬ್ದದ ಗುಂಡಿಯನ್ನು ಸೊನ್ನೆಗಿಟ್ಟು, ರಿಲೇಯ ಒಳಬದಿಯಲ್ಲಿ, ಎಂದರೆ ಬಾಗಿಲಿನ ಹಿಂದೆ, ಎರಡೂ ಕಡೆಯ ಏಕಮುಖ ವೋಲ್ಟೇಜನ್ನು ಅಳೆಯಬೇಕು. ಸೊನ್ನೆಯ ಆಚೆ ಈಚೆ ೫೦ ಮಿಲಿವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ಒಂದೆರಡು ವೋಲ್ಟುಗಳೇ ಇದ್ದರೆ ಶತ್ರುವು ನಿಜವಾಗಿ ಒಳಗಿದ್ದಾನೆ, ಕಾವಲುಗಾರನು ಪ್ರಾಮಾಣಿಕನು. ನಮ್ಮ ಯಂತ್ರದಲ್ಲಿ ಬಲಕ್ಕೆ ೧೨, ಎಡಕ್ಕೆ ೧೮ ಮಿಲಿವೋಲ್ಟ್ ಬಂದಿತು. ಶತ್ರುವಿಲ್ಲ. ಆದುದರಿಂದ ದೋಷವು ಕಾವಲುಗಾರನದೇ ಎಂದು ಸಿದ್ಧವಾಯಿತು.

ಇನ್ನು ಅವನ ಯಾವ ಅಂಗದಲ್ಲಿ ದೋಷ? ರಿಲೇಯ ಸುರುಳಿಯು ೨೪ ವೋಲ್ಟಿನದು. ಅದರ ಒಂದು ತುದಿಯಲ್ಲಿ ೨೪ ವೋಲ್ಟ್ ಇತ್ತು, ಮತ್ತೊಂದು ತುದಿಯಲ್ಲಿಯೂ ೨೪ ವೋಲ್ಟ್ ಇತ್ತು. ಇದರಿಂದ ಎರಡು ಸಂಗತಿಗಳು ತಿಳಿದುವು: ಆಹಾರವು ಬರುತ್ತಿದೆ, ಸುರುಳಿಯು ತುಂಡಾಗಿಲ್ಲ. ಸುರುಳಿಯನ್ನು ಕೆಳಕ್ಕೆ ಎಳೆಯಬೇಕಾದ ಟ್ರಾನ್ಸಿಸ್ಟರಿಗೆ ಆಜ್ಞೆಯೇ ಬರುತ್ತಿಲ್ಲ. ಆಜ್ಞೆಯನ್ನು ಕೊಡತಕ್ಕದ್ದು ಕಾಲವನ್ನಳೆಯುವ ಒಂದು ಕೆಪಾಸಿಟರ್. ಅದು ದೊಡ್ಡ ರೋಧಕವೊಂದರ ಮೂಲಕ ಹನಿಹನಿಯಾಗಿ ತುಂಬಿ, ಸುಮಾರು ೧.೩ ವೋಲ್ಟ್ ಮುಟ್ಟಿದಾಗ ಟ್ರಾನ್ಸಿಸ್ಟರು ಎಚ್ಚರಗೊಂಡು ಬಾಗಿಲನ್ನು ತೆರೆಯುವುದು. ನಮ್ಮ ಪುರಾತನ ಘಟಿಕಾಪಾತ್ರೆಯಲ್ಲಿ ತೂತಿನಿಂದ ನೀರು ಒಳಗೆ ತುಂಬಿ ಹೊತ್ತನ್ನು ತಿಳಿಸುತ್ತಿದ್ದಂತೆಯೇ ಇದು. ಅಳೆದು ನೋಡಿದರೆ ಇದು ೦.೭ ವೋಲ್ಟಿನವರೆಗೆ ಏರಿ ಅಲ್ಲಿಯೇ ನಿಂತಿತು.

ತುಂಬದ ಪಾತ್ರೆಗೆ ಎರಡು ಕಾರಣಗಳಿರಬಹುದು. ಪಾತ್ರೆಯೇ ಸೋರುತ್ತಿರಬಹುದು, ಅಥವಾ ಬೇರೆ ಯಾರೋ ಅದರಿಂದ ಕದ್ದು ಚೆಲ್ಲುತ್ತಿರಬಹುದು. ಇಲ್ಲಿ ಚೆಲ್ಲುವ ಅಧಿಕಾರವುಳ್ಳವನು ಶತ್ರುವನ್ನು ಪತ್ತೆ ಮಾಡುವ ಟ್ರಾನ್ಸಿಸ್ಟರು. ಏಕಮುಖ ವಿದ್ಯುತ್ತು ಕಂಡಕೂಡಲೆ ಪಾತ್ರೆಯನ್ನು ಬರಿದುಮಾಡುವುದೇ ಅವನ ಉದ್ಯೋಗ. ಇಬ್ಬರಲ್ಲಿ ಅಪರಾಧಿ ಯಾರು? ತರ್ಕಶಾಸ್ತ್ರದವರು ಹೇಳುವ ಅನ್ವಯವ್ಯತಿರೇಕಗಳನ್ನು ಇಲ್ಲಿ ಪ್ರಯೋಗಿಸಿದೆನು. ಒಂದು ಇದ್ದರೆ ಮತ್ತೊಂದು ಇರುವುದು ಅನ್ವಯ, ಅದು ಇಲ್ಲದಿದ್ದರೆ ಇದೂ ಇಲ್ಲದಿರುವುದು ವ್ಯತಿರೇಕ. ಪ್ಲಗ್ಗನ್ನು ಕಿತ್ತು, ಪತ್ತೆದಾರ ಟ್ರಾನ್ಸಿಸ್ಟರಿನ ಒಂದು ಕಾಲಿನ ಬೆಸುಗೆಯನ್ನು ಬಿಡಿಸಿ, ಮತ್ತೆ ವಿದ್ಯುತ್ ಹಾಕಿದೆನು. ೦.೭ ವೋಲ್ಟ್ ಕದಲಲಿಲ್ಲ. ಅವನಿಲ್ಲದಿದ್ದರೂ ದೋಷವಿದೆ, ಆದುದರಿಂದ ಅವನು ನಿರಪರಾಧಿ. ಅವನ ಕಾಲನ್ನು ಮೊದಲಿನಂತೆ ಬೆಸೆದು, ಈ ಸಲ ಕೆಪಾಸಿಟರಿನ ಒಂದು ಕಾಲನ್ನು ಬಿಡಿಸಿದೆನು. ವಿದ್ಯುತ್ ಹಾಕಿದ ಕ್ಷಣವೇ ‘ಟಿಕ್’ ಎಂದಿತು. ತುಂಬಬೇಕಾದ ಪಾತ್ರೆಯೇ ಇಲ್ಲದುದರಿಂದ ಕಾಯುವ ಪ್ರಮೇಯವಿರಲಿಲ್ಲ. ಅಪರಾಧಿಯು ಕೆಪಾಸಿಟರೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಐದು ಸೆಕೆಂಡು ಹತ್ತಾಗಿ, ಹತ್ತು ಮೂವತ್ತಾದುದಕ್ಕೂ ಇದೇ ಕಾರಣ: ವರ್ಷ ಕಳೆದಂತೆ ಅದರ ಸೋರಿಕೆ ಹೆಚ್ಚುತ್ತ ಬಂದು, ಕೊನೆಗೆ ಬರುವಷ್ಟೂ ಸೋರಿಹೋಗತೊಡಗಿತ್ತು.

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಲ್ಲಿ ಇಂತಹ ಸಾಮಾನುಗಳ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿಂದ ೨೨೦ ಮೈಕ್ರೋಫ್ಯಾರಡಿನ, ೧೦೫ ಡಿಗ್ರಿ ಶಾಖವನ್ನು ತಡೆಯುವ ಹೊಸ ಕೆಪಾಸಿಟರನ್ನು ತರಿಸಿದೆನು. ಮೈಕ್ರೋಫ್ಯಾರಡು ಮೊದಲಿನಷ್ಟೇ ಇರಬೇಕು. ವೋಲ್ಟೇಜಿನ ಗುರುತು ಅಷ್ಟೇ ಅಥವಾ ಹೆಚ್ಚಾಗಿರಬಹುದು, ಕಡಮೆಯಾಗಬಾರದು. ಧನ ಋಣಗಳ ದಿಕ್ಕು ತಪ್ಪಬಾರದು. ಬೆಲೆಯು ಒಂದು ಲೋಟ ಕಾಫಿಗಿಂತ ಕಡಮೆ. ಬೆಸೆದು ಹೊತ್ತಿಸಿದಾಗ ಐದು ಸೆಕೆಂಡಿಗೆ ಸರಿಯಾಗಿ ಟಿಕ್ಕೆಂದಿತು.

ಒಂದು ಉಪರೋಗವೂ ಇತ್ತು. ಶಬ್ದವು ಸಣ್ಣದಾಗಿರುವಾಗ ಬಲಗಡೆಯ ಸ್ಪೀಕರು ಮಂಕಾಗುತ್ತಿತ್ತು, ಗುಂಡಿಯನ್ನು ತಿರುಗಿಸಿ ಜೋರು ಮಾಡಿದ ಕೂಡಲೆ ಸರಿಹೋಗುತ್ತಿತ್ತು. ಇದು ರಿಲೇಯ ಬಾಗಿಲುಗಳಿಗೆ ಕಿಲುಬು ಹಿಡಿದುದರ ಗುರುತು. ಕೆಲವರು ಇದಕ್ಕೆ ಉಪ್ಪುಕಾಗದವನ್ನು ಉಜ್ಜುವರು. ಅದರಿಂದ ಮೇಲಿನ ಲೇಪವು ಸವೆದು ರೋಗವು ಬೇಗನೆ ಮರುಕಳಿಸುವುದು. ದಪ್ಪ ಬಿಳಿಯ ಕಾಗದದ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಬಾಗಿಲುಗಳ ನಡುವೆ ಇಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿ ಎಳೆದರೆ ಕಪ್ಪು ಬರುವುದು. ಪಟ್ಟಿಯು ಬೆಳ್ಳಗೆ ಹೊರಬರುವವರೆಗೆ ಹೀಗೆ ಮಾಡಿದೆನು. ಬಹಳ ಸವೆದಿದ್ದರೆ ಅದೇ ಸುರುಳಿವೋಲ್ಟಿನ ಹೊಸ ರಿಲೇಯನ್ನು ಹಾಕುವುದೇ ಮೇಲು.

ಇಲ್ಲಿಗೆ ಮುಗಿಯಿತೆಂದು ನಾನೂ ಭಾವಿಸಿದೆನು. ಮೂರನೆಯ ದಿನ ಸಾಯಂಕಾಲ ಸಂಗೀತ ಕೇಳುತ್ತಿರುವಾಗ, ಸುಮಾರು ಇಪ್ಪತ್ತೈದು ನಿಮಿಷಗಳಾದ ಮೇಲೆ, ಟಿಕ್ಕೆಂದು ಬಾಗಿಲು ಮುಚ್ಚಿತು. ಆರಿಸಿ, ತಣ್ಣಗಾದಮೇಲೆ ಹೊತ್ತಿಸಿದರೆ ಮತ್ತೆ ತೆರೆಯಿತು. ಮರುದಿನವೂ ಹಾಗೆಯೇ. ಅಷ್ಟರಲ್ಲಿ ಶ್ರಾದ್ಧಕ್ಕೆ ಒಂಬತ್ತೇ ದಿನಗಳು ಉಳಿದಿದ್ದುವು. ಬೀದಿಯ ಮಿತ್ರರು ಬಂದು ಮುಗುಳ್ನಗುತ್ತ, ‘ನಾನು ಅಂದೇ ಹೇಳಿದೆನಲ್ಲ, ಆ ಹಾಳು ರಿಲೇಯನ್ನು ಕಟ್ಟಿಹಾಕಿ’ ಎಂದರು. ನಿಜವನ್ನು ಹೇಳುತ್ತೇನೆ, ನನ್ನ ಮನಸ್ಸೂ ಹಾಗೆಯೇ ಓಡಿತು. ಈ ಕಾವಲುಗಾರನು ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನು. ಅಳೆದು ನೋಡಿದವನೂ ನಾನೇ. ತಂತಿಯ ತುಂಡೊಂದನ್ನು ಕತ್ತರಿಸಿ, ಎರಡು ತುದಿಗಳ ಹೊದಿಕೆಯನ್ನು ಸುಲಿದು ಮೇಜಿನ ಮೇಲೆ ಇಟ್ಟುಕೊಂಡದ್ದೂ ಆಯಿತು.

ಆದರೆ ವ್ಯಾಪ್ತಿಯಿಲ್ಲದ ಅನುಮಾನವು ಅನುಮಾನವಲ್ಲವೆಂದು ಮೂವತ್ತೈದು ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು. ಹಿಂದೆ ಸುಳ್ಳು ಹೇಳಿದವನು ಇಂದೂ ಸುಳ್ಳನ್ನೇ ಹೇಳುವನೆಂಬುದಕ್ಕೆ ಯಾವ ನಿಯಮವಿದೆ? ಹಿಂದಿನ ಅಳತೆಯು ಅಂದಿನ ಸಂಗತಿಗೆ ಮಾತ್ರ ಪ್ರಮಾಣ. ಅಲ್ಲದೆ, ಅಂದು ನಾನು ಅಳೆದಿದ್ದು ಯಂತ್ರವು ತಣ್ಣಗಿರುವಾಗ. ಈಗಿನ ದೋಷವೋ ಬೆಚ್ಚಗಾದ ಮೇಲೆ ಬರತಕ್ಕದ್ದು. ಆದುದರಿಂದ ಸ್ಪೀಕರುಗಳನ್ನು ಕಳಚಿ, ಮಾಪಕವನ್ನು ರಿಲೇಯ ಒಳಬದಿಯಲ್ಲಿ ಎಡಗಡೆಯ ತಂತಿಗೆ ಸಿಕ್ಕಿಸಿ, ಮುಚ್ಚಳವನ್ನು ಸಡಿಲವಾಗಿ ಇರಿಸಿ, ಪುಸ್ತಕವೊಂದನ್ನು ಹಿಡಿದು ಕುಳಿತೆನು. ಹತ್ತು ನಿಮಿಷಕ್ಕೆ ೧೮ ಮಿಲಿವೋಲ್ಟ್. ಇಪ್ಪತ್ತು ನಿಮಿಷಕ್ಕೆ ೨೧. ಇಪ್ಪತ್ತಾರನೆಯ ನಿಮಿಷದಲ್ಲಿ ಟಿಕ್ಕೆಂಬ ಶಬ್ದ ಕೇಳಿ ತಲೆಯೆತ್ತಿದರೆ ಮಾಪಕವು ೪೦ ವೋಲ್ಟ್ ತೋರಿಸುತ್ತಿತ್ತು!

ಮಿಲಿವೋಲ್ಟ್ ಅಲ್ಲ, ವೋಲ್ಟ್. ತಕ್ಕಡಿಯು ಪೂರ್ತಿಯಾಗಿ ಒಂದು ಕಡೆಗೆ ಬಿದ್ದಿತ್ತು. ಮೇಜಿನ ಮೇಲಿದ್ದ ಆ ತುಂಡುತಂತಿಯನ್ನು ಬೆಸೆದಿದ್ದರೆ ಅಣ್ಣನ ಸ್ಪೀಕರಿನ ಗತಿಯು ಮದುವೆಮನೆಯ ಸ್ಪೀಕರಿನ ಗತಿಯೇ ಆಗುತ್ತಿತ್ತು. ಅದೂ ಬಹುಶಃ ಅವನ ಕಣ್ಣೆದುರಿಗೇ, ತಂದೆಯವರ ಧ್ವನಿಯ ನಡುವೆ.

ಇಂತಹ ದೋಷವನ್ನು ಹುಡುಕುವ ಉಪಾಯವು ಸರಳವಾದುದು. ಯಂತ್ರವು ಬೆಚ್ಚಗಿರುವಾಗ, ಒಣಗಿದ ಮರದ ಸಣ್ಣ ಕಡ್ಡಿಯಿಂದ ಎಡಗಡೆಯ ಹಲಗೆಯ ಮೇಲಿನ ಒಂದೊಂದು ಅಂಗವನ್ನೂ ಮೆಲ್ಲಗೆ ತಟ್ಟುತ್ತ ಮಾಪಕವನ್ನು ನೋಡುತ್ತಿರಬೇಕು. ಬೆರಳಾಗಲಿ ಲೋಹವಾಗಲಿ ತಗುಲಕೂಡದು. ಒಂದು ರೋಧಕವನ್ನು ತಟ್ಟಿದಾಗ ೪೦ ವೋಲ್ಟ್ ತಟ್ಟನೆ ಸೊನ್ನೆಗೆ ಇಳಿಯಿತು, ಮತ್ತೊಮ್ಮೆ ತಟ್ಟಿದಾಗ ಏರಿತು. ಆರಿಸಿ, ಹಲಗೆಯನ್ನು ತಿರುಗಿಸಿ ಭೂತಕನ್ನಡಿಯಿಂದ ನೋಡಿದರೆ, ಆ ರೋಧಕದ ಕಾಲಿನ ಸುತ್ತಲೂ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರಾಕಾರದ ಬಿರುಕು ಕಾಣಿಸಿತು. ಅದು ಹೊರಬಾಗಿಲಿನ ಸ್ಥಿತಿಯನ್ನು ಒಳಗಿನ ಮೊದಲ ಟ್ರಾನ್ಸಿಸ್ಟರಿಗೆ ಹಿಂದಿರುಗಿ ತಿಳಿಸತಕ್ಕ ರೋಧಕ. ವರದಿ ಬಾರದ ಅಧಿಕಾರಿಯು ತಕ್ಕಡಿಯನ್ನು ಹೇಗೆ ಸರಿದೂಗಿಸಿಯಾನು? ಅದರ ಪಕ್ಕದಲ್ಲಿಯೇ ಬಿಸಿಯಾಗುವ ಟ್ರಾನ್ಸಿಸ್ಟರೊಂದಿದೆ. ನಾಲ್ವತ್ತಕ್ಕೂ ಮಿಕ್ಕ ವರ್ಷ ದಿನವೂ ಕಾದು ಆರಿ, ಹಿಗ್ಗಿ ಕುಗ್ಗಿ, ಬೆಸುಗೆಯು ದಣಿದು ಬಿರಿದಿತ್ತು. ತಣ್ಣಗಿರುವಾಗ ಬಿರುಕಿನ ಅಂಚುಗಳು ಕೂಡಿಕೊಂಡಿರುತ್ತಿದ್ದುವು, ಬಿಸಿಯಾದಾಗ ಅಗಲುತ್ತಿದ್ದುವು. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿದೆನು. ಬಲಗಡೆಯ ಹಲಗೆಯಲ್ಲಿಯೂ ಅದೇ ಸ್ಥಳವನ್ನು ನೋಡಿದರೆ ಅಲ್ಲಿಯೂ ಬಿರುಕು ಆರಂಭವಾಗಿತ್ತು, ಅದನ್ನೂ ಸರಿಪಡಿಸಿದೆನು. ಬಳಿಕ ನಾಲ್ಕು ದಿನ, ದಿನಕ್ಕೆ ಮೂರು ಗಂಟೆಯಂತೆ, ಸ್ಪೀಕರುಗಳಿಲ್ಲದೆ ಅಳೆಯುತ್ತ ಓಡಿಸಿದೆನು. ೨೦ ಮಿಲಿವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿತು. ಆಮೇಲೆಯೇ ಸ್ಪೀಕರುಗಳನ್ನು ಜೋಡಿಸಿದೆನು.

ಗೃಹಸ್ಥರು ನೆನಪಿನಲ್ಲಿಡಬೇಕಾದುದು ಇಷ್ಟು. ಟಿಕ್ಕೆನ್ನುವುದಕ್ಕೆ ತಡವಾಗುತ್ತ ಬಂದರೆ ಕಾಲವನ್ನಳೆಯುವ ಕೆಪಾಸಿಟರನ್ನು ಸಂಶಯಿಸಿರಿ. ಶಬ್ದ ಸಣ್ಣದಾಗಿರುವಾಗ ಮಾತ್ರ ಒಂದು ಕಡೆ ಮಂಕಾದರೆ ರಿಲೇಯ ಬಾಗಿಲನ್ನು ಒರಸಿರಿ. ಬಿಸಿಯಾದ ಮೇಲೆ ಮುಚ್ಚಿದರೆ ಬಿಸಿಯಾಗಿರುವಾಗಲೇ ಅಳೆಯಿರಿ, ತಣ್ಣನೆಯ ಅಳತೆಯು ಅಲ್ಲಿ ಸಾಕ್ಷಿಯಾಗದು. ಯಾವ ಸಂದರ್ಭದಲ್ಲಿಯೂ ಬಾಗಿಲಿನ ಹಿಂದಿನ ವೋಲ್ಟೇಜನ್ನು ನೋಡದೆ ಸ್ಪೀಕರನ್ನು ಜೋಡಿಸಬೇಡಿರಿ. ರಿಪೇರಿಯವರು ‘ರಿಲೇಯನ್ನು ತೆಗೆದುಹಾಕಿ ಸರಿಮಾಡಿದೆನು’ ಎಂದರೆ, ಯಂತ್ರವು ಸರಿಯಾಗಿಲ್ಲವೆಂದೇ ತಿಳಿಯಿರಿ.

ಶ್ರಾದ್ಧದ ದಿನ ಅಣ್ಣನು ಬಂದನು. ಈ ಒಂದೂವರೆ ತಿಂಗಳ ಕಥೆಯನ್ನು ಅವನಿಗೆ ನಾನು ಹೇಳಲಿಲ್ಲ. ಸಾಯಂಕಾಲ ಅವನೇ ಗುಂಡಿಯನ್ನೊತ್ತಿ ಹಿಂದಕ್ಕೆ ಒರಗಿ ಕುಳಿತನು. ಐದು ಸೆಕೆಂಡಿಗೆ ಟಿಕ್ಕೆಂದಿತು. ‘ಕುವೈತಿನ ಅಂಗಡಿಯವನು ಇದನ್ನು ಮೊದಲು ಹೊತ್ತಿಸಿ ತೋರಿಸಿದಾಗ ಈ ಸದ್ದು ಕೇಳಿ, ಏನೋ ಮುರಿಯಿತೆಂದು ನಾನು ಹೆದರಿದ್ದೆ’ ಎಂದು ಹೇಳಿ ನಕ್ಕನು. ಅಷ್ಟು ವರ್ಷಗಳಲ್ಲಿ ಅವನು ಆ ದಿನಗಳ ವಿಚಾರವಾಗಿ ತಾನಾಗಿ ಆಡಿದ ಮೊದಲನೆಯ ಮಾತು ಅದು. ಬಳಿಕ ತಂದೆಯವರ ಧ್ವನಿ ಬಂದಿತು. ನಾವಿಬ್ಬರೂ ಸುಮ್ಮನಾದೆವು.

ಮುಂದಿನ ಸಂಚಿಕೆಯಲ್ಲಿ, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯದಂತೆ ಮಳೆಗಾಲದಲ್ಲಿ ಕಾಪಾಡುವ ಬಗೆಯನ್ನು ವಿಚಾರಿಸೋಣ.